ಹಾಸಿಗೆ ಎಣಿಸುವುದೋ, ಹೆರಿಗೆ ಎಣಿಸುವುದೋ, ನೋವು ಎಣಿಸುವುದೋ? ಹೆರಿಗೆ ವಿಭಾಗಕ್ಕೆ ಸಿಸ್ಟರ್‌ಗಳನ್ನು ಹಾಕುವ ಲೆಕ್ಕಗಳ ಹೋಲಿಕೆ

ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿಗೆ ರಾತ್ರಿ ಪಾಳಿಯಲ್ಲಿ ಎಷ್ಟು ಸಿಸ್ಟರ್‌ಗಳು ಬೇಕು ಎಂದು ಕೇಳಿದರೆ, ಕಲಬುರಗಿ, ಬೀದರ್, ಯಾದಗಿರಿಯ ಕಡೆ ಬರುವ ಸಹಜ ಉತ್ತರ "ಇರೋರೇ ಇಬ್ಬರು, ಇಬ್ಬರನ್ನ ಹಾಕ್ತೀವಿ" ಅನ್ನುವುದು. ಕೇಳಿದ್ದು ಎಷ್ಟು ಬೇಕು ಎಂದು, ಹೇಳಿದ್ದು ಎಷ್ಟಿದ್ದಾರೆ ಎಂದು. ಇರುವವರನ್ನು ಎಣಿಸಲು ಹಾಜರಿ ಪುಸ್ತಕ ಸಾಕು. ಬೇಕಾದವರನ್ನು ಎಣಿಸಲು ಲೆಕ್ಕ ಬೇಕು, ಆ ಲೆಕ್ಕದಲ್ಲಿ ಮುಖ್ಯವಾಗಿ ಮೂರು ಬಗೆ ಬಳಕೆಯಲ್ಲಿವೆ: ಹಾಸಿಗೆಯ ಲೆಕ್ಕ, ವರ್ಷದ ಕೆಲಸದ ಹೊರೆಯ ಲೆಕ್ಕ, ಹೆರಿಗೆಯ ಹಂತದ ಲೆಕ್ಕ. ಇಲಾಖೆಗೆ ಕಡತ ಕಳಿಸುವ ಆಡಳಿತ ವೈದ್ಯಾಧಿಕಾರಿಗೆ ಬೇಕಾದದ್ದು ಒಂದು, ರಾತ್ರಿ ಒಂಬತ್ತಕ್ಕೆ ಪಾಳಿ ಹಿಡಿದ ಸಿಸ್ಟರ್‌ಗೆ ಬೇಕಾದದ್ದು ಇನ್ನೊಂದು. ಒಂದರ ಕೆಲಸಕ್ಕೆ ಇನ್ನೊಂದನ್ನು ಹಿಡಿದಾಗಲೇ ಎಡವಟ್ಟು ಶುರು.

ಯಾವ ಲೆಕ್ಕ ಹಿಡಿದರೂ ಅಡಿಪಾಯಕ್ಕೆ ಒಂದು ಸಂಖ್ಯೆ ಗೊತ್ತಿರಬೇಕು. ಅದು ಒಂದು ಕುರ್ಚಿಯ ಬೆಲೆ.

ಒಂದು ಕುರ್ಚಿಗೆ ಎಷ್ಟು ಮಂದಿ

ಲೇಬರ್ ರೂಮಿನಲ್ಲಿ ಹಗಲೂ ರಾತ್ರಿ ಒಬ್ಬರು ಇರಲೇಬೇಕು ಎಂದರೆ ವರ್ಷಕ್ಕೆ 8,760 ಗಂಟೆ ತುಂಬಬೇಕು. ಒಬ್ಬ ಸಿಸ್ಟರ್ ವಾರದ ರಜೆ 52, ಗಳಿಕೆ ರಜೆ, ಸಾಂದರ್ಭಿಕ ರಜೆ, ಹಬ್ಬ, ತರಬೇತಿ ಎಲ್ಲ ಸೇರಿ ಸುಮಾರು 105 ದಿನ ಕಳೆದು 260 ದಿನ ಬರುತ್ತಾರೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸರಾಸರಿ 8 ಗಂಟೆಯಂತೆ 2,080 ಗಂಟೆ. 8,760ನ್ನು 2,080ರಿಂದ ಭಾಗಿಸಿದರೆ 4.2. ಒಂದು ಕುರ್ಚಿ ಸದಾ ತುಂಬಿರಲು ನಾಲ್ಕು ಮಂದಿ, ಮೇಲೊಂದಿಷ್ಟು. ಎರಡು ಕುರ್ಚಿಗೆ 8.4, ಮೂರಕ್ಕೆ 12.6. ನಿಮ್ಮಲ್ಲಿ ರಜೆ ಬೇರೆ ಥರ ಇದ್ದರೆ 260ರ ಜಾಗದಲ್ಲಿ ನಿಮ್ಮ ಸಂಖ್ಯೆ ಹಾಕಿ. ಕಳೆದ ವರ್ಷದ ಹಾಜರಿ ಪುಸ್ತಕದಿಂದಲೇ ತೆಗೆಯಿರಿ, ನಿಯಮದ ಪುಸ್ತಕದಿಂದ ಬೇಡ.

ಹೀಗಾಗಿ "ನಮ್ಮ ಲೇಬರ್ ರೂಮಿಗೆ ಎಂಟು ಮಂದಿ ಇದ್ದಾರೆ" ಎಂದರೆ ಪಾಳಿಗೆ ಇಬ್ಬರು ಎಂದು ಅರ್ಥವಲ್ಲ, ಇಬ್ಬರಿಗೆ ಸ್ವಲ್ಪ ಕಡಿಮೆ. ಅವರಲ್ಲಿ ಒಬ್ಬರು 180 ದಿನದ ಹೆರಿಗೆ ರಜೆಗೆ ಹೋದರೆ ಸುಮಾರು 128 ಡ್ಯೂಟಿ ಮಾಯ. ಈ ಕೆಲಸದಲ್ಲಿರುವವರಲ್ಲಿ ಹೆಚ್ಚಿನವರು ಮಕ್ಕಳಾಗುವ ವಯಸ್ಸಿನವರೇ. ಆದ್ದರಿಂದ ಆ ರಜೆಯನ್ನು ಅಪರೂಪದ ಸಂಗತಿ ಎಂಬಂತೆ ಬಿಟ್ಟು ಲೆಕ್ಕ ಹಾಕುವುದು ವಿಚಿತ್ರ. ಕಾಗದದಲ್ಲಿ ಲೇಬರ್ ರೂಮಿನವರು ಎಂದಿದ್ದು ಲಸಿಕೆ ಕೋಣೆಗೋ ಹೊರರೋಗಿ ವಿಭಾಗಕ್ಕೋ ಎರವಲು ಹೋದವರನ್ನೂ ಎಂಟರಿಂದ ಕಳೆಯಿರಿ.

ಹಾಸಿಗೆಯ ಲೆಕ್ಕ

ಇದು ಎಲ್ಲಕ್ಕಿಂತ ಹಳೆಯದು, ಎಲ್ಲರಿಗೂ ಬಾಯಿಪಾಠ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ ಮೂರು ಹಾಸಿಗೆಗೆ ಒಬ್ಬರು, ಜೊತೆಗೆ ಶೇ 30 ರಜೆ ಮೀಸಲು. ಇಲ್ಲಿ ಬಹಳ ಮಂದಿ ಮುಗ್ಗರಿಸುತ್ತಾರೆ. 1:3 ಎಂದರೆ ಒಟ್ಟು ಹುದ್ದೆಯ ಲೆಕ್ಕ, ಮೂರು ಪಾಳಿಗೆ ಹಂಚಿದಾಗ ಅದು 1:9 ಆಗುತ್ತದೆ. 30 ಹಾಸಿಗೆಯ ಬಾಣಂತಿ ವಾರ್ಡಿಗೆ ಹತ್ತು, ಮೀಸಲು ಮೂರು, ಒಟ್ಟು ಹದಿಮೂರು. ಹದಿಮೂರನ್ನು 4.2ರಿಂದ ಭಾಗಿಸಿದರೆ ಪಾಳಿಗೆ ಮೂವರು.

ಮೂವರು ಮೂವತ್ತು ಹಾಸಿಗೆಗೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಬಾಣಂತಿ ವಾರ್ಡಿನಲ್ಲಿ ಒಂದು ಹಾಸಿಗೆಯಲ್ಲಿ ಇಬ್ಬರು ರೋಗಿಗಳು. ತಾಯಿಯ ರಕ್ತಸ್ರಾವ ನೋಡುವವರೇ ಮಗು ಹಾಲು ಕುಡಿಯಿತೇ, ಮೈ ತಣ್ಣಗಾಯಿತೇ, ಕಾಮಾಲೆ ಹತ್ತಿತೇ ಎಂದೂ ನೋಡಬೇಕು. ಮೂವತ್ತು ಹಾಸಿಗೆ ಅಂದರೆ ಅರವತ್ತು ಜೀವ, ಒಬ್ಬರಿಗೆ ಇಪ್ಪತ್ತು. ಹಾಸಿಗೆಯ ಲೆಕ್ಕಕ್ಕೆ ಮಗು ಕಾಣಿಸುವುದೇ ಇಲ್ಲ. ಅಮೆರಿಕದ ಹೆರಿಗೆ ನರ್ಸ್‌ಗಳ ಸಂಘಟನೆ ಅವೋನ್ 2010ರಲ್ಲಿ ಕೊಟ್ಟ ಮಾರ್ಗಸೂಚಿ ತಾಯಿ-ಮಗುವನ್ನು ಒಂದು ಜೋಡಿ ಎಂದು ಎಣಿಸಿ, ಮೂರು ಜೋಡಿಗೆ ಒಬ್ಬರು ಎನ್ನುತ್ತದೆ. ಅಷ್ಟು ಮಂದಿ ನಮ್ಮಲ್ಲಿ ಸಿಗಲಿಕ್ಕಿಲ್ಲ. ಆದರೂ ಜೋಡಿ ಎಣಿಸುವ ಪದ್ಧತಿಗೆ ಕಾಸು ಖರ್ಚಿಲ್ಲ. ನಾಳೆಯಿಂದಲೇ ವಾರ್ಡಿನ ಬೋರ್ಡಿನ ಮೇಲೆ "30 ಹಾಸಿಗೆ" ಬದಲು "26 ಜೋಡಿ, ಅದರಲ್ಲಿ 9 ಸಿಸೇರಿಯನ್, 4 ಮೊದಲ ದಿನದವರು" ಎಂದು ಬರೆಯಬಹುದು. ಸಿಸೇರಿಯನ್ ಆಗಿ 24 ಗಂಟೆ ದಾಟದ ಜೋಡಿಯನ್ನು ಎರಡು ಎಂದು ಹಿಡಿದರೆ ಲೆಕ್ಕ ಇನ್ನಷ್ಟು ನಿಜಕ್ಕೆ ಹತ್ತಿರ.

ಲೇಬರ್ ರೂಮಿನಲ್ಲಂತೂ ಹಾಸಿಗೆಯ ಲೆಕ್ಕ ನಡೆಯುವುದೇ ಇಲ್ಲ. ಟೇಬಲ್ ನಾಲ್ಕೂ ಖಾಲಿ ಇದ್ದು ಹೊರಗೆ ಬೆಂಚಿನ ಮೇಲೆ ಆರು ಮಂದಿ ನೋವಿನಲ್ಲಿರಬಹುದು.

ಹುದ್ದೆ ಮಂಜೂರು ಮಾಡಿಸಲು ಮಾತ್ರ ಈ ಲೆಕ್ಕವೇ ಸರಿ. ಕಡತ ನೋಡುವವರಿಗೆ ಗೊತ್ತಿರುವ ಭಾಷೆ ಇದು.

ವರ್ಷದ ಹೊರೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ವಿಸ್ನ್ ಎಂಬ ವಿಧಾನ ಹಾಸಿಗೆಯನ್ನು ಬದಿಗಿಟ್ಟು ಕೆಲಸವನ್ನು ಎಣಿಸುತ್ತದೆ. ಒಂದು ಕೆಲಸಕ್ಕೆ ಎಷ್ಟು ಹೊತ್ತು, ವರ್ಷಕ್ಕೆ ಅಂಥ ಕೆಲಸ ಎಷ್ಟು, ಒಬ್ಬರಿಗೆ ವರ್ಷಕ್ಕೆ ಎಷ್ಟು ಹೊತ್ತು ಸಿಗುತ್ತದೆ. ಮೂರೇ ಪ್ರಶ್ನೆ.

ತಿಂಗಳಿಗೆ 150 ಹೆರಿಗೆಯ ತಾಲ್ಲೂಕು ಆಸ್ಪತ್ರೆಯೊಂದನ್ನು ಉದಾಹರಣೆಗೆ ಹಿಡಿಯೋಣ. ತೊಡಕಿಲ್ಲದ ಒಂದು ಹೆರಿಗೆಗೆ ಸಿಸ್ಟರ್‌ಗಳ ಹೊತ್ತು ಹೀಗೆ: ಜೋರು ನೋವಿನ ಐದು ಗಂಟೆ, ಒಬ್ಬರು ಇಬ್ಬರನ್ನು ನೋಡುತ್ತಾರೆ ಎಂದರೆ ಎರಡೂವರೆ ಗಂಟೆ, ಮಗು ಹುಟ್ಟುವ ಹೊತ್ತಿನ ಒಂದು ಗಂಟೆಗೆ ಇಬ್ಬರು, ಎರಡು ಗಂಟೆ, ಹೆರಿಗೆಯಾದ ಮೇಲಿನ ಎರಡು ಗಂಟೆಗೆ ಅರ್ಧದಂತೆ ಒಂದು ಗಂಟೆ, ದಾಖಲೆಗೆ ಅರ್ಧ ಗಂಟೆ. ಒಟ್ಟು ಆರು ಗಂಟೆ. ವರ್ಷಕ್ಕೆ 1,800 ಹೆರಿಗೆಗೆ 10,800 ಗಂಟೆ. 2,080ರಿಂದ ಭಾಗಿಸಿದರೆ 5.2. ಔಷಧಿ ದಾಸ್ತಾನು, ಪಾಳಿ ಒಪ್ಪಿಸುವುದು, ಸಭೆ ಮುಂತಾದವಕ್ಕೆ ಐದರಲ್ಲಿ ಒಂದು ಪಾಲು ಹೊತ್ತು ಹೋಗುತ್ತದೆ ಎಂದು 1.25ರಿಂದ ಗುಣಿಸಿದರೆ 6.5.

ಆರೂವರೆ ಮಂದಿ. ಆದರೆ ಮೇಲೆ ನೋಡಿದಂತೆ ಪಾಳಿಗೆ ಇಬ್ಬರು ಇರಲೇಬೇಕಾದರೆ 8.4 ಬೇಕು. ಇಬ್ಬರು ಯಾಕೆ ಬೇಕೇಬೇಕೆಂದರೆ, ಮಗು ಹುಟ್ಟಿ ಒಂದು ನಿಮಿಷದೊಳಗೆ ಅಳದಿದ್ದರೆ ಒಬ್ಬರ ಕೈ ಮಗುವಿಗೆ ಉಸಿರು ಕೊಡುವ ಬ್ಯಾಗ್-ಮಾಸ್ಕ್ ಮೇಲಿರಬೇಕು, ಅದೇ ನಿಮಿಷದಲ್ಲಿ ತಾಯಿಗೆ ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡಬೇಕು. ಎರಡೂ ಒಬ್ಬರಿಂದ ಆಗುವ ಮಾತಲ್ಲ. ಸಣ್ಣ ಆಸ್ಪತ್ರೆಯಲ್ಲಿ ವಿಸ್ನ್ ಸದಾ ಕಡಿಮೆ ತೋರಿಸುತ್ತದೆ. ಆ ಕಾಗದ ಹಿಡಿದು "ನಿಮ್ಮಲ್ಲಿ ಒಬ್ಬರು ಹೆಚ್ಚಿದ್ದಾರೆ" ಎಂದು ಬೇರೆಡೆ ನಿಯೋಜಿಸಿದರೆ, ಆ ತಪ್ಪು ರಾತ್ರಿ ಎರಡು ಗಂಟೆಗೆ ಗೊತ್ತಾಗುತ್ತದೆ.

ಅದೇ ಲೆಕ್ಕವನ್ನು ತಿಂಗಳಿಗೆ 600 ಹೆರಿಗೆಯ ದೊಡ್ಡ ಆಸ್ಪತ್ರೆಗೆ ಹಾಕಿದರೆ 26 ಮಂದಿ ಬರುತ್ತದೆ, ಪಾಳಿಗೆ ಆರಕ್ಕೂ ಸ್ವಲ್ಪ ಹೆಚ್ಚು. ಅಲ್ಲಿ ಇಬ್ಬರ ತಳಮಟ್ಟ ಯಾವ ಲೆಕ್ಕಕ್ಕೂ ಬಾರದು, ವಿಸ್ನ್ ಹೇಳಿದ್ದೇ ಸರಿ. ಮೂರೂ ಜಿಲ್ಲಾ ಕೇಂದ್ರಗಳ ಬೋಧನಾ ಆಸ್ಪತ್ರೆಗಳಿಗೆ, ಅಂದರೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥವಕ್ಕೆ ಇದು ಹೊಂದುತ್ತದೆ. ಆದರೆ ಅಲ್ಲಿಗೆ ತಾಲ್ಲೂಕುಗಳಿಂದ ರೆಫರ್ ಆಗಿ ಬರುವವರು ತೊಡಕಿನವರೇ ಆದ್ದರಿಂದ ಆರು ಗಂಟೆಯ ಅಳತೆ ಸಾಲದು. ತೀವ್ರ ರಕ್ತಹೀನತೆ, ಫಿಟ್ಸ್, ಅವಳಿಗಳಿಗೆ ಬೇರೆ ಬೇರೆ ಹೊತ್ತು ಇಟ್ಟು ಕೂಡಿಸಬೇಕು.

ವಿಸ್ನ್‌ನ ಇನ್ನೊಂದು ಕೊರತೆ, ಅದು ಸರಾಸರಿಯ ಕೂಸು. ತಿಂಗಳಿಗೆ 150 ಅಂದರೆ ದಿನಕ್ಕೆ ಐದು. ಆದರೆ ಹೆರಿಗೆ ಸರದಿ ಹಿಡಿದು ಬರುವುದಿಲ್ಲ. ಸಂಭವನೀಯತೆಯ ಲೆಕ್ಕದಲ್ಲಿ, ಯಾವ ವಿಶೇಷ ಕಾರಣವೂ ಇಲ್ಲದೆ, ತಿಂಗಳಲ್ಲಿ ಸುಮಾರು ನಾಲ್ಕು ದಿನ ಎಂಟು ಅಥವಾ ಹೆಚ್ಚು, ಒಂದು ದಿನ ಹತ್ತು ಅಥವಾ ಹೆಚ್ಚು ಹೆರಿಗೆ ಬರುತ್ತವೆ. ಇನ್ನೊಂದು ನಾಲ್ಕು ದಿನ ಎರಡೋ ಅದಕ್ಕೂ ಕಡಿಮೆಯೋ. ಅಮಾವಾಸ್ಯೆಯನ್ನು ದೂರಬೇಕಾಗಿಲ್ಲ.

ಹಂತದ ಲೆಕ್ಕ

ಇಂಗ್ಲೆಂಡಿನ ಬರ್ತ್‌ರೇಟ್ ಪ್ಲಸ್ ಎಂಬ ಲೆಕ್ಕದ ಪದ್ಧತಿ ತಾಯಿ-ಮಗುವಿನ ಸ್ಥಿತಿ ನೋಡಿ ಐದು ವರ್ಗ ಮಾಡುತ್ತದೆ. ಅವೋನ್ 2010ರ ಅದೇ ಮಾರ್ಗಸೂಚಿಯಲ್ಲಿ ಹೆರಿಗೆಯ ಹಂತಕ್ಕೆ ತಕ್ಕಂತೆ ಅನುಪಾತ ಕೊಟ್ಟಿತ್ತು: ತೊಡಕಿಲ್ಲದ ನೋವಿಗೆ ಇಬ್ಬರಿಗೊಬ್ಬರು, ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಇದ್ದರೆ ಒಬ್ಬರಿಗೊಬ್ಬರು, ಹುಟ್ಟುವ ಹೊತ್ತಿಗೆ ತಾಯಿಗೊಬ್ಬರು ಮಗುವಿಗೊಬ್ಬರು, ಆಮೇಲೆ ಎರಡು ಗಂಟೆ ಒಬ್ಬರಿಗೊಬ್ಬರು.

ಇಬ್ಬರಿಗೊಬ್ಬರು ಎನ್ನುವುದು ಶ್ರೀಮಂತ ದೇಶದ ಐಷಾರಾಮ ಎಂದು ತಳ್ಳಿಹಾಕುವ ಮೊದಲು ಗಡಿಯಾರ ಹಿಡಿದು ನೋಡಿ. ಅರ್ಧ ಗಂಟೆಗೊಮ್ಮೆ ಹೊಟ್ಟೆಯ ಮೇಲೆ ಕೈ ಇಟ್ಟು ಹತ್ತು ನಿಮಿಷ ನೋವು ಎಣಿಸಬೇಕು. ಮಗುವಿನ ಎದೆಬಡಿತ ಒಂದು ಪೂರ್ತಿ ನಿಮಿಷ ಕೇಳಬೇಕು. ತಾಯಿಯ ನಾಡಿ ಒಂದು ನಿಮಿಷ, ಬರೆಯಲು ಎರಡು. ಒಬ್ಬಳಿಗೆ ಹದಿನಾಲ್ಕು ನಿಮಿಷ, ಇಬ್ಬರಿಗೆ ಇಪ್ಪತ್ತೆಂಟು. ಅರ್ಧ ಗಂಟೆ ಅಲ್ಲಿಗೆ ಮುಗಿಯಿತು. ಮೂರನೆಯವಳು ಬಂದರೆ ನಲವತ್ತೆರಡು ನಿಮಿಷದ ಕೆಲಸವನ್ನು ಮೂವತ್ತರಲ್ಲಿ ಮಾಡಬೇಕು, ಆಗ ಮೊದಲು ಬಿಟ್ಟುಹೋಗುವುದು ನೋವು ಎಣಿಸುವುದು. ಆಮೇಲೆ ಎದೆಬಡಿತ ಹದಿನೈದು ಸೆಕೆಂಡಿಗೆ ಇಳಿಯುತ್ತದೆ. ಕೊನೆಗೆ ಪಾರ್ಟೋಗ್ರಾಫಿನ, ಅಂದರೆ ಹೆರಿಗೆಯ ಪ್ರಗತಿ ಗುರುತಿಸುವ ಹಾಳೆಯ, ಚುಕ್ಕಿಗಳೆಲ್ಲ ಹೆರಿಗೆ ಆದ ಮೇಲೆ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಬೀಳುತ್ತವೆ. ಅಂಥ ಹಾಳೆಗಳನ್ನು ಕಂಡಾಗ ಸಿಸ್ಟರ್‌ಗೆ ನೋಟಿಸ್ ಕೊಡುವುದು ಸುಲಭ. ಆ ಹೊತ್ತಿಗೆ ಎಷ್ಟು ಮಂದಿ ನೋವಿನಲ್ಲಿದ್ದರು ಎಂದು ನೋಡುವುದು ಉಪಯುಕ್ತ.

ತಾಲ್ಲೂಕು ಮಟ್ಟಕ್ಕೆ ಈ ಲೆಕ್ಕವನ್ನು ಹೀಗೆ ಇಳಿಸಬಹುದು. ಪ್ರತಿ ಗರ್ಭಿಣಿಗೆ ಎಷ್ಟು ಸಿಸ್ಟರ್ ಎಂದು ಬೋರ್ಡಿನಲ್ಲಿ ಅಂಕ ಬರೆಯಿರಿ:

- ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆಯದ, ತೊಡಕಿಲ್ಲದವರು: ಕಾಲು
- 5 ಸೆಂ.ಮೀ. ದಾಟಿದ, ತೊಡಕಿಲ್ಲದವರು: ಅರ್ಧ
- ಡ್ರಿಪ್ ನಡೆದವರು, ಹಿಂದೆ ಸಿಸೇರಿಯನ್ ಆದವರು, ಅವಳಿ, ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿನವರು, ಮಗು ಹೊಟ್ಟೆಯಲ್ಲೇ ಮಲ ಮಾಡಿಕೊಂಡದ್ದು: ಒಂದು
- ಮುಕ್ಕಲು (ಕೆಳಕ್ಕೆ ಒತ್ತಲು) ಶುರು ಮಾಡಿದವರು: ಒಂದು, ತಲೆ ಕಾಣಿಸಿಕೊಂಡ ಮೇಲೆ: ಎರಡು
- ಹೆರಿಗೆಯಾಗಿ ಎರಡು ಗಂಟೆ ಆಗದವರು: ಅರ್ಧ
- ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಶುರುವಾದ ಮೊದಲ ಗಂಟೆ: ಒಂದು, ಆಮೇಲೆ ಅರ್ಧ
- ರಕ್ತಸ್ರಾವ 500 ಮಿ.ಲೀ. ದಾಟಿದವರು: ಎರಡು
- ರೆಫರ್ ಆಗಿ 108ಕ್ಕೆ ಕಾಯುತ್ತಿರುವವರು: ಒಂದು

ಕೆಲವು ಅಂಕಗಳಿಗೆ ವಿವರಣೆ ಬೇಕು. ಹಳೆಯ ಪಾರ್ಟೋಗ್ರಾಫ್ 4 ಸೆಂ.ಮೀ.ನಿಂದ ಶುರುವಾಗುತ್ತಿತ್ತು, ವಿಶ್ವ ಆರೋಗ್ಯ ಸಂಸ್ಥೆಯ 2020ರ ಹೆರಿಗೆ ಆರೈಕೆ ಹಾಳೆ 5ರಿಂದ. ಯಾವುದನ್ನು ಹಿಡಿದರೂ ಎಲ್ಲ ಪಾಳಿಯವರೂ ಒಂದನ್ನೇ ಹಿಡಿಯಬೇಕು, ಇಲ್ಲವಾದರೆ ಬೆಳಗಿನವರ ಕಾಲು ರಾತ್ರಿಯವರ ಅರ್ಧ ಆಗುತ್ತದೆ. ಹೆರಿಗೆಯಾದವರಿಗೆ ಅವೋನ್ ಕೇಳುವುದು ಪೂರ್ತಿ ಒಂದು. ಇಲ್ಲಿ ಅರ್ಧಕ್ಕೆ ಇಳಿಸಿದ್ದು ತಾಯಿ-ಮಗು ಇಬ್ಬರೂ ಲೇಬರ್ ರೂಮಿನಲ್ಲೇ ಕಣ್ಣೆದುರು ಇದ್ದರೆ ಮಾತ್ರ. ಹದಿನೈದು ನಿಮಿಷಕ್ಕೊಮ್ಮೆಯಂತೆ ಎರಡು ಗಂಟೆಯಲ್ಲಿ ಎಂಟು ಸಲ ನಾಡಿ, ಬಿಪಿ, ಗರ್ಭಕೋಶದ ಬಿಗಿ, ಪ್ಯಾಡು, ಮಗುವಿನ ಉಸಿರು ನೋಡಬೇಕು. ಟೇಬಲ್ ಖಾಲಿ ಮಾಡುವ ಅವಸರದಲ್ಲಿ ಅರ್ಧ ಗಂಟೆಗೇ ವಾರ್ಡಿಗೆ ಕಳಿಸಿದರೆ ಆ ಎಂಟು ಸಲದ ಜವಾಬ್ದಾರಿ ಇಪ್ಪತ್ತು ಜೀವ ನೋಡುವವರ ಮೇಲೆ ಬಿತ್ತು. ಪ್ಯಾಡು ತೋಯ್ದದ್ದು ಆಗ ಮೊದಲು ಕಾಣುವುದು ಜೊತೆಗಿದ್ದ ಅತ್ತೆಗೆ.

ಮೆಗ್ನೀಸಿಯಂಗೆ ಮೊದಲ ಗಂಟೆ ಒಂದು ಎನ್ನಲು ಕಾರಣ, 4 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, 5 ಗ್ರಾಂನಂತೆ ಎರಡೂ ಪೃಷ್ಠಕ್ಕೆ ಕೊಡುವಷ್ಟರಲ್ಲಿ ಒಬ್ಬರ ಕೈ ಬೇರೆಲ್ಲೂ ಬಿಡುವಾಗುವುದಿಲ್ಲ. ಮುಂದೆ ನಾಲ್ಕು ಗಂಟೆಗೊಮ್ಮೆ ಡೋಸ್ ಕೊಡುವ ಮುನ್ನ ಮಂಡಿಯ ಪ್ರತಿಕ್ರಿಯೆ, ಉಸಿರು 16ಕ್ಕೆ ಕಡಿಮೆ ಇಲ್ಲದಿರುವುದು, ಮೂತ್ರ ಗಂಟೆಗೆ 30 ಮಿ.ಲೀ. ಇರುವುದು ನೋಡಬೇಕು.

ಈ ಲೆಕ್ಕದ ದೊಡ್ಡ ದೋಷ, ಅದು ಕೊರತೆ ತೋರಿಸುತ್ತದೆ, ಮಂದಿಯನ್ನು ಹುಟ್ಟಿಸುವುದಿಲ್ಲ. ಅಂಕ ಬರೆದ ಮೇಲೆ ಮುಂದೇನು ಎಂದು ಮೊದಲೇ ನಿಗದಿಯಾಗದಿದ್ದರೆ ಹದಿನೈದು ದಿನದಲ್ಲಿ ಬೋರ್ಡಿನ ಮೇಲೆ ಧೂಳು ಕೂರುತ್ತದೆ.

ರಾತ್ರಿ ಒಂಬತ್ತರ ಬೋರ್ಡು

ಲೇಬರ್ ರೂಮಿನಲ್ಲಿ ಇಬ್ಬರು, ಬಾಣಂತಿ ವಾರ್ಡಿನಲ್ಲಿ ಒಬ್ಬರು. ಒಳಗಿರುವವರು: 6 ಸೆಂ.ಮೀ. ಆದ ತೊಡಕಿಲ್ಲದವಳು, ಅರ್ಧ. ಡ್ರಿಪ್ ನಡೆದವಳು, ಒಂದು. ನಲವತ್ತು ನಿಮಿಷದ ಹಿಂದೆ ಹೆತ್ತವಳು, ಅರ್ಧ. 3 ಸೆಂ.ಮೀ. ಇರುವ ಚೊಚ್ಚಲು, ಕಾಲು. ಮೆಗ್ನೀಸಿಯಂನ ಮೊದಲ ದೊಡ್ಡ ಡೋಸ್ ಮುಗಿದವಳು, ಅರ್ಧ. ಒಟ್ಟು ಎರಡೂ ಮುಕ್ಕಾಲು. ಡ್ರಿಪ್‌ನವಳಿಗೆ ತಲೆ ಕಾಣಿಸಿಕೊಂಡರೆ ಮೂರೂ ಮುಕ್ಕಾಲು.

ಮೊದಲು ನಮ್ಮ ಕೈಲಿರುವ ಹೊರೆ ಇಳಿಸಬೇಕು. ಡ್ರಿಪ್ ಹಾಕಿದ್ದು ನೋವು ನಿಧಾನ ಎಂಬ ಕಾರಣಕ್ಕೆ ಮಾತ್ರವಾಗಿದ್ದು ತಾಯಿ-ಮಗು ಚೆನ್ನಾಗಿದ್ದರೆ, ಕೆಲಕಾಲ ತಡೆಯಬಹುದೇ ಎಂದು ವೈದ್ಯರನ್ನು ಕೇಳಿ. ನೋಡಲು ಮಂದಿ ಇಲ್ಲದಿರುವಾಗ ಓಡುವ ಡ್ರಿಪ್ ಎಲ್ಲಕ್ಕಿಂತ ಅಪಾಯದ್ದು: ನೋವು ಒಂದರ ಮೇಲೊಂದು ಬಂದು ಮಗುವಿಗೆ ಆಮ್ಲಜನಕ ತಗ್ಗುತ್ತದೆ, ಹಲವು ಸಲ ಹೆತ್ತವರಲ್ಲಿ ಗರ್ಭಕೋಶವೇ ಹರಿಯಬಹುದು. ತುರ್ತಿಲ್ಲದ ನೋವು ಬರಿಸುವ ಔಷಧಿ ರಾತ್ರಿ ಪಾಳಿಯಲ್ಲಿ ಶುರು ಮಾಡುವುದಿಲ್ಲ ಎಂಬ ನಿಯಮವನ್ನು ವೈದ್ಯರೊಂದಿಗೆ ಕೂತು ಬರೆದಿಟ್ಟುಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಚೊಚ್ಚಲಿನವಳನ್ನು, ಪರೀಕ್ಷೆ ಮಾಡಿ ಬರೆದಿಟ್ಟು, ಗರ್ಭಿಣಿಯರ ವಾರ್ಡಿಗೆ ಕಳಿಸಿ; ನೀರು ಹೋದರೆ, ರಕ್ತ ಕಂಡರೆ, ಮಗು ಆಡದಿದ್ದರೆ ಕೂಡಲೇ ಬರಬೇಕೆಂದು ಜೊತೆಗಿರುವವರಿಗೂ ಹೇಳಿ. ಮೆಗ್ನೀಸಿಯಂನವಳನ್ನು ಇಲ್ಲೇ ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬುದು ಈಗಲೇ ತೀರ್ಮಾನವಾಗಲಿ, ಮೂರು ಗಂಟೆಗಲ್ಲ. 108ರಲ್ಲಿ ತುರ್ತು ಚಿಕಿತ್ಸೆಯ ಸಿಬ್ಬಂದಿ ಇರುತ್ತಾರೆ. ಆದರೂ ನಿಮ್ಮ ಸಿಸ್ಟರ್ ಜೊತೆಗೆ ಹೋಗಲೇಬೇಕಾದರೆ, ಚಿಂಚೋಳಿಯಂಥ ಕಡೆಯಿಂದ ಕಲಬುರಗಿಗೆ ಹೋಗಿ ಬರುವಷ್ಟರಲ್ಲಿ ಪಾಳಿಯ ಬಹುಪಾಲು ಕಳೆಯುತ್ತದೆ. ಅವರ ಕುರ್ಚಿಗೆ ಯಾರು ಎಂದು ಗೊತ್ತಾದ ಮೇಲೆ ಗಾಡಿ ಹೊರಡಲಿ.

ಇಷ್ಟಾದರೂ ಸಾಲದಿದ್ದರೆ ಕರೆಯುವ ಸರದಿ: ಮೊದಲು ಖಾಲಿ ಇರುವ ಆಪರೇಷನ್ ಥಿಯೇಟರಿನ ಸಿಸ್ಟರ್, ಆಮೇಲೆ ಕರೆದರೆ ಬರಬೇಕಾದವರು. ಬಾಣಂತಿ ವಾರ್ಡಿನವರನ್ನು ಕೊನೆಗೆ, ಮಗು ಹುಟ್ಟುವ ಅರ್ಧ ಗಂಟೆಗೆ ಮಾತ್ರ. ಬಹಳ ಕಡೆ ಸರದಿ ಉಲ್ಟಾ ಇರುತ್ತದೆ, ವಾರ್ಡು ಹತ್ತಿರ ಇದೆ ಎಂಬ ಒಂದೇ ಕಾರಣಕ್ಕೆ.

ಫೋನಿನ ಮಾತೂ ಬದಲಾಗುತ್ತದೆ. "ಮೇಡಂ, ಬಾಳ ರಷ್ ಅದರಿ, ಕಷ್ಟ ಆಗ್ಯದ" ಎಂದರೆ "ಹೆಂಗರ ಮಾಡಿ ನೋಡ್ಕೋರಿ" ಎಂಬ ಉತ್ತರ ಬರುತ್ತದೆ. "ಮೇಡಂ, ಬೋರ್ಡಿನಾಗ ಎರಡೂ ಮುಕ್ಕಾಲ ಅದರಿ, ನಾವು ಇಬ್ಬರೇ ಇದ್ದೀವಿ. ಡ್ರಿಪ್ ಹಾಕಿದಾಕಿ ಅರ್ಧ ತಾಸಿನಾಗ ಮುಕ್ತಾಳ" ಎಂದರೆ ಹಾಗೆ ತಳ್ಳಿಹಾಕಲು ಕಷ್ಟ.

ಹಾಗಾದರೆ ಯಾವುದು

ತಿಂಗಳಿಗೆ 200ಕ್ಕಿಂತ ಕಡಿಮೆ ಹೆರಿಗೆ ಇರುವಲ್ಲಿ ವಿಸ್ನ್‌ಗೆ ಹೊತ್ತು ಕಳೆಯಬೇಡಿ. ಪಾಳಿಗೆ ಇಬ್ಬರು ಎಂಬ ತಳಮಟ್ಟ ಹಿಡಿದು ಒಂಬತ್ತು ಹುದ್ದೆ ಕೇಳಿ, ದಿನನಿತ್ಯಕ್ಕೆ ಹಂತದ ಬೋರ್ಡು ಬಳಸಿ. 200ರಿಂದ ಮೇಲೆ ಎರಡೂ ಲೆಕ್ಕ ಹಾಕಿ, ಯಾವುದು ದೊಡ್ಡದೋ ಅದನ್ನು ಹಿಡಿಯಿರಿ. ದೊಡ್ಡ ಆಸ್ಪತ್ರೆಯಲ್ಲಿ ವಿಸ್ನ್‌ನಿಂದ ಹುದ್ದೆ, ಹಂತದ ಲೆಕ್ಕದಿಂದ ಪಾಳಿ, ಬಾಣಂತಿ ವಾರ್ಡಿಗೆ ಜೋಡಿಯ ಲೆಕ್ಕ. ತಿಂಗಳಿಗೆ ಹತ್ತಿಪ್ಪತ್ತು ಹೆರಿಗೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇವ್ಯಾವುವೂ ಹೊಂದುವುದಿಲ್ಲ. ಅಲ್ಲಿನ ಪ್ರಶ್ನೆ ಒಂದೇ, ಹೆರಿಗೆಯ ಹೊತ್ತಿಗೆ ಎರಡನೆಯ ಕೈ ಯಾರದು.

ಲೇಬರ್ ರೂಮಿಗೆ ಕಾಯಂ ತಂಡವೋ, ಎಲ್ಲ ವಾರ್ಡಿನವರೂ ತಿರುಗಿ ಬರುವುದೋ ಎಂಬ ಚರ್ಚೆಯಲ್ಲಿ ಕಾಯಂ ತಂಡವೇ ಮೇಲು. ಮೂರು ತಿಂಗಳಿಗೊಮ್ಮೆ ಬದಲಾದರೆ ಬ್ಯಾಗ್-ಮಾಸ್ಕ್ ಕೈಗೆ ಕೂರುವಷ್ಟರಲ್ಲಿ ವರ್ಗ. ಆದರೆ ಹೊರಗಿನ ಇಬ್ಬರಾದರೂ ವರ್ಷಕ್ಕೆ ಕೆಲವು ವಾರ ಒಳಗೆ ಕೆಲಸ ಮಾಡಿರಬೇಕು, ಇಲ್ಲವಾದರೆ ಕರೆದಾಗ ಬಂದವರು ಟ್ರೇ ಎಲ್ಲಿದೆ ಎಂದು ಕೇಳುತ್ತ ನಿಲ್ಲುತ್ತಾರೆ.

ನಮ್ಮ ಭಾಗಕ್ಕೆ ಸೇರಿಸಿಕೊಳ್ಳಬೇಕಾದ ಕೆಲವು ತಿದ್ದುಪಡಿಗಳಿವೆ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದ ಕುಟುಂಬಗಳು ಹಬ್ಬ-ಜಾತ್ರೆಗೆ ಮರಳುತ್ತವೆ, ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಂತೂ ಇದ್ದದ್ದೇ. ತಾಯಿ ಕಾರ್ಡ್ ಇಲ್ಲದೆ, ಹಿಮೋಗ್ಲೋಬಿನ್ ಗೊತ್ತಿಲ್ಲದೆ ಬಂದವರಿಗೆ ವರದಿ ಕೈಗೆ ಬರುವ ತನಕ ಕಾಲು ಅಂಕದ ಬದಲು ಒಂದು ಅಂಕ ಕೊಡಿ. ನಿಮ್ಮ ಹೆರಿಗೆ ರಿಜಿಸ್ಟರಿನಿಂದ ಮೂರು ವರ್ಷದ ತಿಂಗಳುವಾರು ಸಂಖ್ಯೆ ತೆಗೆದು, ಏರುವ ತಿಂಗಳುಗಳಲ್ಲಿ ಗಳಿಕೆ ರಜೆ ಹಂಚುವುದನ್ನು ಬಿಗಿ ಮಾಡಿ. ಏಪ್ರಿಲ್-ಮೇ ಬಿಸಿಲಲ್ಲಿ ನೋವಿನಲ್ಲಿರುವವರಿಗೆ ನೀರು ಕುಡಿಸುವ ಕೆಲಸವೇ ಒಂದು ಪಾಳಿಯಷ್ಟಿರುತ್ತದೆ. ಅದನ್ನು ಜೊತೆಗಿರುವ ಹೆಂಗಸಿಗೆ ಒಪ್ಪಿಸಿ. ಗುರುಮಠಕಲ್, ಸೇಡಂ ಕಡೆ ತೆಲುಗು, ಔರಾದ್, ಭಾಲ್ಕಿ ಕಡೆ ಮರಾಠಿ, ಎಲ್ಲೆಡೆ ಉರ್ದು, ತಾಂಡಾಗಳಿಂದ ಬಂದವರಿಗೆ ಲಂಬಾಣಿ. ಪಾಳಿ ಹಾಕುವಾಗ ಇಬ್ಬರಲ್ಲಿ ಒಬ್ಬರಿಗಾದರೂ ಆ ಊರಿನ ಎರಡನೆಯ ಭಾಷೆ ಬಂದರೆ, "ಮುಕ್ಕು" ಎಂದದ್ದು "ಮುಕ್ಕಬೇಡ" ಎಂದು ಕೇಳಿಸುವುದು ತಪ್ಪುತ್ತದೆ.

ಹೊಸ ಹುದ್ದೆ ಬರುವ ಮುನ್ನ ಒಂದು ವಾರ ಇದನ್ನು ಮಾಡಿ. ಸಿಸ್ಟರ್‌ಗಳು ಇ-ಜನ್ಮದಲ್ಲಿ ಜನನ ನಮೂದು, ಪೋರ್ಟಲ್ ತುಂಬುವುದು, ಬಟ್ಟೆ ಎಣಿಸುವುದು, ಔಷಧಿ ತರಲು ಸ್ಟೋರಿಗೆ ಓಡುವುದು, ಗ್ರೂಪ್-ಡಿ ಇಲ್ಲದಾಗ ನೆಲ ಒರೆಸುವುದಕ್ಕೆ ಕಳೆದ ನಿಮಿಷಗಳನ್ನು ಬರೆದಿಡಿ. ಪಾಳಿಗೆ ಒಬ್ಬೊಬ್ಬರದೂ ಎರಡು ತಾಸು ಹೀಗೆ ಹೋಗುತ್ತಿದ್ದರೆ, ಎಂಟು ತಾಸಿನ ಪಾಳಿಯ ಇಬ್ಬರಲ್ಲಿ ಅರ್ಧ ಸಿಸ್ಟರ್ ಅಲ್ಲೇ ಕಳೆದುಹೋದಂತೆ. ಅದನ್ನು ಡೇಟಾ ಎಂಟ್ರಿಯವರೊಬ್ಬರು, ಆಯಾ ಒಬ್ಬರು ತುಂಬಬಹುದು.

ಬೋರ್ಡನ್ನು ಪಾಳಿ ಬದಲಾಗುವಾಗ ಮತ್ತು ನಾಲ್ಕು ಗಂಟೆಗೊಮ್ಮೆ ತಿದ್ದಿ. ಪಕ್ಕದಲ್ಲಿ ಒಂದು ಪುಸ್ತಕವಿರಲಿ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2015ರಲ್ಲಿ ಕೊಟ್ಟ ಕೆಂಪು ಗುರುತುಗಳಲ್ಲಿ, ಅಂದರೆ ಮಂದಿ ಸಾಲುತ್ತಿಲ್ಲ ಎಂಬ ಎಚ್ಚರಿಕೆಗಳಲ್ಲಿ, ನಮಗೆ ಹೊಂದುವವು ಮೂರು: ಬಂದವರನ್ನು ನೋಡಲು ಅರ್ಧ ಗಂಟೆಗಿಂತ ತಡವಾದದ್ದು, ಹೊಲಿಗೆ ಹಾಕಲು ಒಂದು ಗಂಟೆ ದಾಟಿದ್ದು, ಕೊಡಬೇಕಾದ ಔಷಧಿ ತಪ್ಪಿದ್ದು. ಜೊತೆಗೆ ನಾಲ್ಕನೆಯದನ್ನು ಸೇರಿಸಿ, ಒಬ್ಬರೇ ಇದ್ದು ಮಾಡಿದ ಹೆರಿಗೆ. ದಿನಾಂಕ, ಹೊತ್ತು, ಬೋರ್ಡಿನ ಅಂಕ, ಇದ್ದ ಸಿಸ್ಟರ್‌ಗಳ ಸಂಖ್ಯೆ, ಇಷ್ಟೇ ಬರೆಯಿರಿ. ಯಾರ ಹೆಸರೂ ಬೇಡ. ಹೆಸರು ಬರೆಯಲು ಶುರು ಮಾಡಿದ ದಿನವೇ ಪುಸ್ತಕ ತುಂಬುವುದು ನಿಲ್ಲುತ್ತದೆ. ಮೂರು ತಿಂಗಳ ಪುಟಗಳ ನಕಲನ್ನು ಹುದ್ದೆ ಕೇಳುವ ಪತ್ರಕ್ಕೆ ಲಗತ್ತಿಸಿ, ಹಾಸಿಗೆಯ ಲೆಕ್ಕದ ಕೆಳಗೆ.